ಪೆಟ್ಟಿಗೆಯೊಳಗಿನ ಮನುಷ್ಯ

ಸಂಪಾದಕ ಮಹಾಶಯರಿಗೂ ವಾಚಕ ಮಹಾಶಯರಿಗೂ ಮೊದಲಲ್ಲಿಯೇ ಒಂದು ಅರಿಕೆ. ಈ ಲೇಖನವು ವಾದಕ್ಕಾಗಿ ಬರೆದುದು. ತತ್ತ್ವವನ್ನು ತಿಳಿಯಲೋಸುಗ ಮಾಡುವ ಚರ್ಚೆಗೆ ವಾದವೆಂದೂ, ಗೆಲ್ಲಲೋಸುಗ ಮಾಡುವುದಕ್ಕೆ ಜಲ್ಪವೆಂದೂ, ಎದುರಿನವನ ಮಾತನ್ನು ಕೆಡವುವುದಕ್ಕಷ್ಟೇ ಮಾಡುವುದಕ್ಕೆ ವಿತಂಡೆಯೆಂದೂ ನಮ್ಮ ತಾರ್ಕಿಕರು ಹೆಸರಿಟ್ಟಿರುವರು. ನನ್ನದು ಮೊದಲನೆಯದಾಗಿರಬೇಕೆಂಬುದು ನನ್ನ ಆಶೆ. ಎಲ್ಲಿಯಾದರೂ ಎರಡನೆಯದಕ್ಕೆ ಜಾರಿದರೆ ವಾಚಕರು ಮನ್ನಿಸಬೇಕು; ಮೂರನೆಯದಕ್ಕೆ ಇಳಿದರೆ ಮನ್ನಿಸಬಾರದು.

ಸಂಗತಿಯೇನೆಂದರೆ, ನಮ್ಮ ಸಂಘದ ಹಿತೈಷಿಗಳಾಗಿದ್ದು ಈಚೆಗೆ ದಿವಂಗತರಾದ ಹಿರಿಯರೊಬ್ಬರ ಮನೆಯವರು ಎರಡು ಗೋಣಿಚೀಲಗಳ ತುಂಬ ಹಳೆಯ ಮಾಸಪತ್ರಿಕೆಗಳನ್ನು ಸಂಘಕ್ಕೆ ಒಪ್ಪಿಸಿದರು. ಅವು ಕಥೆ ಕವಿತೆಗಳ ಪತ್ರಿಕೆಗಳಲ್ಲ. ಮನೆಯ ಮೂಲೆಯಲ್ಲಿ ಕುಳಿತು ತಾವೇ ರೇಡಿಯೋ ಕಟ್ಟುವ, ತಾವೇ ವರ್ಧಕ ಜೋಡಿಸುವ ಹವ್ಯಾಸಿಗಳಿಗಾಗಿ ಅಚ್ಚಾದ ಪತ್ರಿಕೆಗಳು. ಪುಟ ತಿರುಗಿಸಿದರೆ ತಂತಿಗಳ ನಕ್ಷೆ. ನಕ್ಷೆ ಮುಗಿದಲ್ಲಿ ಅಂಗೈಯಗಲದ ಒಂದು ನಗೆಚಿತ್ರ. ಕಳೆದ ತಿಂಗಳು ಮಂಡ್ಯದಲ್ಲಿ ನೆರೆದ ನಮ್ಮ ಸಭೆಯಲ್ಲಿ ಇವುಗಳ ಗತಿಯೇನೆಂಬ ಪ್ರಶ್ನೆ ಬಂತು. ಅಂದಿನ ಉಪನ್ಯಾಸಕರಾಗಿದ್ದ ನನ್ನ ವಿದ್ವನ್ಮಿತ್ರರು, ಹಾಸ್ಯಚಿತ್ರಗಳ ವಿಷಯದಲ್ಲಿಯೇ ಮಾತನಾಡುತ್ತಿದ್ದವರು, ಎರಡು ಮಾತುಗಳನ್ನಾಡಿದರು. ಒಂದು: ಈ ಪತ್ರಿಕೆಗಳ ನಕ್ಷೆಗಳು ಹಳತಾದುವು, ಅವುಗಳ ನಗೆಚಿತ್ರಗಳು ಜಾಗ ತುಂಬಲು ಹಾಕಿದ ಕಸ, ಆದ್ದರಿಂದ ತೂಕಕ್ಕೆ ಮಾರಬಹುದು. ಎರಡು: ಯಂತ್ರವನ್ನು ಕುರಿತ ಹಾಸ್ಯದ ಶಿಖರವನ್ನು ನೋಡಬೇಕಾದರೆ ಹಳ್ಳಿಗನು ರೇಡಿಯೋ ಪೆಟ್ಟಿಗೆಯ ಹಿಂಭಾಗಕ್ಕೆ ಹೋಗಿ ಒಳಗೆ ಮಾತನಾಡುತ್ತಿರುವ ಮನುಷ್ಯನನ್ನು ಹುಡುಕುವ ಚಿತ್ರವನ್ನು ನೋಡಬೇಕು. ಅಂಥ ಚಿತ್ರವೊಂದನ್ನು ದೊಡ್ಡದಾಗಿ ಬರೆಯಿಸಿ ಸಭಾಂಗಣದಲ್ಲಿ ತೂಗುಹಾಕಬೇಕೆಂದೂ ಸೂಚಿಸಿದರು.

ಸಭೆ ನಕ್ಕಿತು, ನಾನೂ ನಕ್ಕೆನು. ಮನೆಗೆ ಬಂದ ಮೇಲೆ ಆ ನಗೆ ನನಗೆ ಪಥ್ಯವಾಗಲಿಲ್ಲ. ಏಕೆಂಬುದನ್ನು ವಿಚಾರಿಸಿದಾಗ, ಮಿತ್ರರ ಮಾತುಗಳು ಎರಡಲ್ಲ, ಒಂದೇ ತಪ್ಪಿನ ಎರಡು ಮುಖಗಳೆಂದು ಕಂಡಿತು. ಯಂತ್ರವನ್ನು ಬಲ್ಲವನು ತನ್ನ ಮೇಲೆ ತಾನು ನಗುವುದನ್ನು ಅವರು ಕಸವೆಂದರು. ಯಂತ್ರವನ್ನರಿಯದ ನಾವು ಅದನ್ನರಿಯದ ಇನ್ನೊಬ್ಬನ ಮೇಲೆ ನಗುವುದನ್ನು ಶಿಖರವೆಂದರು. ಇದು ತಲೆಕೆಳಗಾದ ತೀರ್ಮಾನವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಪತ್ರಿಕೆಗಳು ಎಂಥವೆಂಬುದನ್ನು ಹೇಳಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವನು 1908ರಲ್ಲಿ ಅಮೆರಿಕದಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. 1929ರಲ್ಲಿ ಅವನೇ ಆರಂಭಿಸಿದ ‘ರೇಡಿಯೋ ಕ್ರಾಫ್ಟ್’ 1948ರಲ್ಲಿ ‘ರೇಡಿಯೋ ಎಲೆಕ್ಟ್ರಾನಿಕ್ಸ್’ ಎಂದು ಹೆಸರು ಬದಲಿಸಿಕೊಂಡಿತು. ಈ ಸಂಪಾದಕನು ಏಪ್ರಿಲ್ ಸಂಚಿಕೆಗಳಲ್ಲಿ ಮಹಮ್ಮದ್ ಯುಲಿಸೀಸ್ ಫಿಪ್ಸ್ ಎಂಬ ಕಲ್ಪಿತ ನಾಮದಿಂದ, ಇಲ್ಲದ ಯಂತ್ರಗಳ ವರ್ಣನೆಯನ್ನು ಅತಿ ಗಂಭೀರವಾಗಿ ಬರೆದು ಓದುಗರನ್ನು ಏಮಾರಿಸುತ್ತಿದ್ದನು. 1954ರ ಅಕ್ಟೋಬರಿನಲ್ಲಿ ಹುಟ್ಟಿದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಕಾರ್ಲ್ ಮತ್ತು ಜೆರ್ರಿ ಎಂಬ ಇಬ್ಬರು ಹುಡುಗರ ಸಾಹಸಗಳನ್ನು ಜಾನ್ ಫ್ರೈ ಎಂಬವನು ಸುಮಾರು ಹತ್ತು ವರ್ಷ ನಡೆಯಿಸಿದನು. ನಮ್ಮ ದೇಶದಲ್ಲಿಯೂ 1969ರಲ್ಲಿ ದೆಹಲಿಯಿಂದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಹೊರಟು ಊರೂರಿನ ಹವ್ಯಾಸಿಗಳ ಕೈ ಸೇರಿತು.

ಇವುಗಳಲ್ಲಿ ಹಿರಿಯದಾದ ಇನ್ನೊಂದರ ಕಥೆಯನ್ನು ವಿಶೇಷವಾಗಿ ಹೇಳಬೇಕು. ಅಮೆರಿಕದ ಹವ್ಯಾಸಿ ರೇಡಿಯೋಗಾರರ ಸಂಘದ ‘ಕ್ಯೂ ಎಸ್ ಟಿ’ ಎಂಬ ಪತ್ರಿಕೆ 1915ರ ಡಿಸೆಂಬರಿನಲ್ಲಿ ಆರಂಭವಾಯಿತು. ಅದರಲ್ಲಿ ‘ಮುದುಕ’ ಎಂಬ ಅಂಕಿತದಿಂದ ಒಬ್ಬನು ಬರೆಯುತ್ತಿದ್ದನು. ಅಕ್ಕಪಕ್ಕದವರ ಮಾತಿಗೆ ಅಡ್ಡಬಂದು ಆಕಾಶವನ್ನೆಲ್ಲ ಗದ್ದಲಮಾಡುವ ಹವ್ಯಾಸಿಗಳನ್ನು ಶಿಕ್ಷಿಸಲು ‘ವೂಫ್ ಹಾಂಗ್’ ಎಂಬ ಘೋರ ಆಯುಧವೊಂದಿದೆಯೆಂದು ಅವನು ಹಾಸ್ಯಕ್ಕೆ ಸೃಷ್ಟಿಸಿದನು. ಮುಂದೆ ಮರದ ತುಂಡುಗಳನ್ನು ತಂತಿಯಿಂದ ಬಿಗಿದು ಮಾಡಿದ ಅದರ ಪ್ರತಿಮೆಯೇ ಸಂಘದ ಕಚೇರಿಗೆ ಬಂತು; ಅದನ್ನು ಗೌರವದಿಂದ ಗೋಡೆಗೆ ತೂಗುಹಾಕಿದರು. ಆ ಮುದುಕನು ಸಂಘದ ಅಧ್ಯಕ್ಷನಾದ ಹೈರಮ್ ಪರ್ಸಿ ಮ್ಯಾಕ್ಸಿಮನೇ ಎಂಬುದು 1936ರಲ್ಲಿ ಅವನು ತೀರಿಕೊಂಡ ಮೇಲೆಯೇ ಲೋಕಕ್ಕೆ ತಿಳಿಯಿತಂತೆ. ಅಧ್ಯಕ್ಷನಾದವನು ಸುತ್ತೋಲೆ ಹೊರಡಿಸಿ ಗದರಿಸಬಹುದಾಗಿತ್ತು. ಅವನು ಅದನ್ನು ಬಿಟ್ಟು ಒಂದು ಹಾಸ್ಯವನ್ನು ಕಟ್ಟಿದನು. ಇದನ್ನು ಜಾಗ ತುಂಬುವ ಕಸವೆನ್ನಬಹುದೆ?

‘ಜಾಗ ತುಂಬಲು ಹಾಕಿದ್ದು’ ಎಂಬುದೇ ಒಂದು ದೋಷವೆಂಬಂತೆ ಮಿತ್ರರು ಮಾತನಾಡಿದರು. ನಗೆಚಿತ್ರವು ಅಂಕಣದ ಕೊನೆಯ ಖಾಲಿ ಜಾಗದಲ್ಲಿ ಕುಳಿತಿರುವುದು ನಿಜ. ಆದರೆ ಊಟದಲ್ಲಿ ಉಪ್ಪಿನಕಾಯಿ ಕುಳಿತಿರುವುದೂ ಎಲೆಯ ತುದಿಯಲ್ಲಿಯೇ ಅಲ್ಲವೆ? ಕುಳಿತ ಜಾಗವನ್ನು ನೋಡಿ ಬೆಲೆಕಟ್ಟುವುದಕ್ಕೆ ಬದಲಾಗಿ ಆ ಚಿತ್ರ ಮಾಡುವ ಕೆಲಸವನ್ನು ನೋಡೋಣ. ಹವ್ಯಾಸಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ನಗೆಮಾತುಂಟು: ಯಂತ್ರದ ಬಿಡಿಭಾಗಗಳೆಲ್ಲ ನಡೆಯುವುದು ಒಳಗೆ ತುಂಬಿಟ್ಟ ಹೊಗೆಯ ಬಲದಿಂದ, ಹೊಗೆ ಹೊರಗೆ ಹೋಯಿತೆಂದರೆ ಭಾಗ ಕೆಡುತ್ತದೆ, ಆದ್ದರಿಂದ ಹೊಗೆಯನ್ನು ಹೊರಕ್ಕೆ ಬಿಡಬಾರದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವ ಕ್ರಮವನ್ನು ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಕಲಿತ ನನಗೆ ಈ ಮಾತನ್ನು ಕೇಳಿದಾಗ ಆದ ಆನಂದ ಅಷ್ಟಿಷ್ಟಲ್ಲ. ಅತಿಯಾದ ಕರೆಂಟು ಹರಿದು ಭಾಗ ಸುಟ್ಟದ್ದರಿಂದ ಹೊಗೆ ಬಂತು. ಇಲ್ಲಿ ಕಾರ್ಯವನ್ನೇ ಕಾರಣದ ಪೀಠದ ಮೇಲೆ ಕೂರಿಸಿ, ಅದಕ್ಕೆ ಶಾಸ್ತ್ರದ ವೇಷ ತೊಡಿಸಿದ್ದಾರೆ. ಹೇತುವಿನಂತೆ ಕಂಡು ಹೇತುವಲ್ಲದ್ದಕ್ಕೆ ಹೇತ್ವಾಭಾಸವೆನ್ನುತ್ತಾರೆ. ಅದನ್ನು ಪಾಠಶಾಲೆಯಲ್ಲಿ ನಾವು ತಿಂಗಳುಗಟ್ಟಲೆ ಉರುಹಚ್ಚಿದೆವು. ಹವ್ಯಾಸಿಯು ಒಂದು ನಗೆಯಲ್ಲಿ ಕಲಿತನು. ಅಷ್ಟೇ ಅಲ್ಲ, ಕಾರ್ಯಕಾರಣಗಳ ನಿಜವಾದ ಕ್ರಮವನ್ನು ಬಲ್ಲವನಿಗೆ ಮಾತ್ರ ಇಲ್ಲಿ ನಗೆ ಬರುತ್ತದೆ. ನಕ್ಷೆಯ ಕೊನೆಯಲ್ಲಿರುವ ನಗೆಚಿತ್ರವು ಪಾಠದ ಕೊನೆಯಲ್ಲಿರುವ ಪ್ರಶ್ನೆಯ ಸ್ಥಾನದಲ್ಲಿದೆ, ನಕ್ಕವನು ಉತ್ತೀರ್ಣನಾದನು.

ನನ್ನ ಸ್ವಂತ ಪರೀಕ್ಷೆಯ ಫಲಿತಾಂಶವನ್ನೂ ಮುಚ್ಚಿಡದೆ ಹೇಳುತ್ತೇನೆ. 1987ನೆಯ ಇಸವಿಯ ಸುಮಾರಿಗೆ ನಾನು ಮದ್ದೂರಿನ ಸಮೀಪದ ಒಂದು ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತಗಳ ಉಪಾಧ್ಯಾಯನಾಗಿದ್ದೆನು. ಪಂಚಭೂತಗಳ ಪ್ರಸ್ತಾಪ ಬಂದ ಒಂದು ದಿನ, ಆಕಾಶಕ್ಕೆ ಶಬ್ದವೇ ಗುಣವೆಂದು ನಮ್ಮ ದರ್ಶನಕಾರರು ಹೇಳಿರುವುದನ್ನು ವಿವರಿಸುತ್ತ, “ರೇಡಿಯೋ ಎಂಬುದು ಇದಕ್ಕೆ ಪ್ರತ್ಯಕ್ಷ ಪ್ರಮಾಣ, ಬೆಂಗಳೂರಿನ ಶಬ್ದವು ಆಕಾಶದಲ್ಲಿ ಹರಿದು ಮದ್ದೂರಿಗೆ ಬರುತ್ತದೆ” ಎಂದು ಬಹಳ ಹೆಮ್ಮೆಯಿಂದ ಹೇಳಿಬಿಟ್ಟೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಏನನ್ನೋ ಹೇಳಲು ಎದ್ದವನು ಹಾಗೆಯೇ ಕುಳಿತುಬಿಟ್ಟನು. ಸಂಜೆ ನಾನೊಬ್ಬನೇ ಇರುವ ಸಮಯ ನೋಡಿ ಬಂದು, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿದನು.

ಅದರಲ್ಲಿದ್ದದ್ದು ಇಷ್ಟೆ. ಹವ್ಯಾಸಿಯೊಬ್ಬನು ಮನೆಯ ಮಾಡಿನ ಮೇಲೆ ಹತ್ತಿ, ಏರಿಯಲ್ ಕಂಬಕ್ಕೆ ಬಾಯಿಟ್ಟು ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ. ಕೆಳಗೆ ಅವನ ಯಂತ್ರದಿಂದ ಹೊಗೆ ಏಳುತ್ತಿದೆ. ಪಕ್ಕದ ಮನೆಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಈಗ ಬಹಳ ಸ್ಪಷ್ಟವಾಗಿ ಕೇಳುತ್ತಿದೆ” ಎನ್ನುತ್ತಿದ್ದಾನೆ. ಹುಡುಗನು ಮೆಲ್ಲನೆ ಕೇಳಿದನು: “ಸಾರ್, ಶಬ್ದವೇ ಹರಿದು ಹೋಗೋದಾದ್ರೆ ಇವನು ಕೂಗಿದ್ದೇ ಸಾಕಾಗಿತ್ತಲ್ವಾ? ಯಂತ್ರ ಯಾಕೆ ಬೇಕಿತ್ತು?”

ನಾನು ನಿರುತ್ತರನಾದೆನು. ಮರುದಿನ ಅವನು ತಾನೇ ಕಟ್ಟಿದ ಸ್ಫಟಿಕದ ರೇಡಿಯೋವನ್ನು ತಂದನು. ತಾಮ್ರದ ತಂತಿಯನ್ನು ಸುತ್ತಿದ ಒಂದು ರಟ್ಟಿನ ಕೊಳವೆ, ಒಂದು ಡಯೋಡು, ಒಂದು ಕಂಡೆನ್ಸರು, ಕಿವಿಗಿಡುವ ಒಂದು ಸಾಧನ. ಎರಡು ತೆಂಗಿನ ಮರಗಳ ನಡುವೆ ಉದ್ದನೆಯ ತಂತಿಯನ್ನು ಕಟ್ಟಿ, ಇನ್ನೊಂದು ತಂತಿಯನ್ನು ಒದ್ದೆ ನೆಲಕ್ಕೆ ಹೂತನು. ಬ್ಯಾಟರಿಯೂ ಇಲ್ಲ, ಕರೆಂಟೂ ಇಲ್ಲ. ಬೆಂಗಳೂರು ಆಕಾಶವಾಣಿ ಸೊಳ್ಳೆಯ ದನಿಯಷ್ಟು ಕೇಳಿತು. ಮಾತಿನಿಂದ ಗಾಳಿ ನಡುಗುತ್ತದೆ; ಆ ನಡುಕವನ್ನು ಮೈಕು ವಿದ್ಯುತ್ತಿನ ಏರಿಳಿತವಾಗಿ ಮಾಡುತ್ತದೆ; ಆ ಏರಿಳಿತವನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಆಂದೋಲಿಸುವ ಅಲೆಯ ಮೇಲೆ ಹೊರಿಸುತ್ತಾರೆ; ಬರುವುದು ಆ ಅಲೆ, ಶಬ್ದವಲ್ಲ. ಆ ಅಲೆಗೆ ಗಾಳಿಯೂ ಬೇಡ. ಏರಿಯಲ್ಲು ಅದನ್ನು ಹಿಡಿದಾಗ ಅದರ ಶಕ್ತಿಯಿಂದಲೇ ಕಿವಿಯ ಬಳಿ ಒಂದು ತಗಡು ನಡುಗಿ, ಗಾಳಿ ನಡುಗಿ, ಅಲ್ಲಿ ಮತ್ತೆ ಶಬ್ದ ಹುಟ್ಟುತ್ತದೆ. ಇದನ್ನು ಹದಿನೈದು ವರ್ಷದ ಹುಡುಗನು ನನಗೆ ತಿಳಿಸಿದನು. ದರ್ಶನಕಾರರ ಶಬ್ದವಿಚಾರವೇ ಬೇರೆ, ರೇಡಿಯೋದ ವಿಚಾರವೇ ಬೇರೆ. ಒಂದಕ್ಕೆ ಇನ್ನೊಂದನ್ನು ಸಾಕ್ಷಿಗೆ ಎಳೆದು ನಾನು ಎರಡಕ್ಕೂ ಅನ್ಯಾಯ ಮಾಡಿದ್ದೆನು. ಮುಂದಿನ ವಾರ ತರಗತಿಯಲ್ಲಿಯೇ ನನ್ನ ತಪ್ಪನ್ನು ಹೇಳಿಕೊಂಡೆನು. ಅಂದು ಆ ಹುಡುಗನು ಗಟ್ಟಿಯಾಗಿ ನಕ್ಕಿದ್ದರೆ ಬಹುಶಃ ನಾನು ಬೆತ್ತ ಹಿಡಿಯುತ್ತಿದ್ದೆನು. ಚಿತ್ರದೊಳಗಿನ ಹವ್ಯಾಸಿಯು ನನ್ನ ಪರವಾಗಿ ನಗೆಗೀಡಾದುದರಿಂದ ನನಗೆ ಕಲಿಯಲು ಅವಕಾಶವಾಯಿತು.

ಇನ್ನು ಮಿತ್ರರ ಎರಡನೆಯ ಮಾತು: ಪೆಟ್ಟಿಗೆಯ ಹಿಂದೆ ಮನುಷ್ಯನನ್ನು ಹುಡುಕಿದ ಹಳ್ಳಿಗ.

ಈತನ ವಿಚಾರಸರಣಿಯನ್ನು ನ್ಯಾಯಾಧಿಕರಣದಲ್ಲಿ ನಿಲ್ಲಿಸಿ ನೋಡೋಣ. ಎಲ್ಲೆಲ್ಲಿ ಅರ್ಥವುಳ್ಳ ಮಾತು ಕೇಳಿದೆಯೋ ಅಲ್ಲೆಲ್ಲ ಮಾತನಾಡುವ ಮನುಷ್ಯನನ್ನು ಅವನು ಹುಟ್ಟಿದಂದಿನಿಂದ ಕಂಡಿದ್ದಾನೆ. ಈ ಪೆಟ್ಟಿಗೆಯಿಂದ ಮಾತು ಕೇಳುತ್ತಿದೆ. ಆದ್ದರಿಂದ ಮನುಷ್ಯನಿರಬೇಕು. ಇದರಲ್ಲಿ ವ್ಯಾಪ್ತಿಯೂ ಸರಿ, ಹೇತುವೂ ಸರಿ. ಅಷ್ಟಕ್ಕೇ ನಿಲ್ಲದೆ ಅವನು ಎದ್ದು ಹೋಗಿ ಹಿಂಭಾಗವನ್ನು ನೋಡಿದನು. ಎಂದರೆ ಊಹೆಯನ್ನು ಪ್ರತ್ಯಕ್ಷದಿಂದ ಪರೀಕ್ಷಿಸಿದನು. ಶಾಸ್ತ್ರವು ವಿಚಾರಪರನಿಂದ ಇದಕ್ಕಿಂತ ಹೆಚ್ಚಾಗಿ ಏನನ್ನು ಕೇಳುತ್ತದೆ? ಅವನ ತೀರ್ಮಾನವೂ ಸುಳ್ಳಲ್ಲ. ಮಾತಿನ ಹಿಂದೆ ಮನುಷ್ಯನು ಇದ್ದೇ ಇದ್ದನು. ಇದ್ದದ್ದು ಪೆಟ್ಟಿಗೆಯಲ್ಲಲ್ಲ, ಮೈಸೂರಿನಲ್ಲಿ. 1935ರ ಸೆಪ್ಟೆಂಬರ್ 10ರಂದು, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸವಾದ ವಿಠಲವಿಹಾರದಿಂದ 30 ವಾಟ್ ಸಾಮರ್ಥ್ಯದ ಯಂತ್ರವೊಂದನ್ನಿಟ್ಟುಕೊಂಡು ಪ್ರಸಾರವನ್ನಾರಂಭಿಸಿದರು. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಸಾಮಾನ್ಯ 60 ವಾಟಿನ ಬಲ್ಬಿಗೆ ಅದು ಅರ್ಧ. ಸರ್ಕಾರದ ಆಜ್ಞೆಯಿಂದಲ್ಲ, ಸ್ವಂತ ಹುರುಪಿನಿಂದ ಮಾಡಿದ ಆ ಕೆಲಸಕ್ಕೆ ‘ಆಕಾಶವಾಣಿ’ಯೆಂಬ ಹೆಸರಾಯಿತು, ಮುಂದೆ ಅಖಿಲ ಭಾರತ ರೇಡಿಯೋ ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡಿತು. ಇಡೀ ದೇಶದ ಪ್ರಸಾರಸಂಸ್ಥೆಗೆ ಹೆಸರು ಕೊಟ್ಟದ್ದು ಮನೆಯೊಳಗೆ ಯಂತ್ರ ಹೂಡಿದ ಒಬ್ಬ ಹವ್ಯಾಸಿಯ ಪ್ರಯತ್ನ. ಹವ್ಯಾಸಿಗಳ ಪತ್ರಿಕೆಗಳನ್ನು ತೂಕಕ್ಕೆ ಹಾಕುವವರು ಇದನ್ನು ಒಮ್ಮೆ ನೆನೆಯಬೇಕು.

ಆ ಹಳ್ಳಿಗನನ್ನು ನೋಡಿ ನಗುವ ನಮಗೆ ಗೊತ್ತಿರುವುದೇನು? ‘ಅದು ರೇಡಿಯೋ’ ಎಂಬ ಹೆಸರು ಮಾತ್ರ. ಹೆಸರನ್ನು ಬಲ್ಲವನು ವಸ್ತುವನ್ನು ಬಲ್ಲೆನೆಂದು ತಿಳಿದು ಕುರ್ಚಿಯಿಂದೇಳುವುದಿಲ್ಲ; ಹೆಸರನ್ನರಿಯದವನು ಎದ್ದು ಹೋಗಿ ನೋಡುತ್ತಾನೆ. ಈಗಂತೂ ಕೇಳಿದ ಪ್ರಶ್ನೆಗೆ ಮನುಷ್ಯನಂತೆಯೇ ಉತ್ತರ ಹೇಳುವ ಯಂತ್ರಗಳು ಎಲ್ಲರ ಜೇಬಿನ ಫೋನಿಗೂ ಬಂದುಬಿಟ್ಟಿವೆ. ಆ ಮಾತಿನ ಹಿಂದೆ ಯಾರಾದರೂ ಇರುವರೋ ಇಲ್ಲವೋ ಎಂದು ಲೋಕದ ಪಂಡಿತರು ಈಗ ಚರ್ಚಿಸುತ್ತಿರುವರು. ನಮ್ಮ ಹಳ್ಳಿಗನು ಕೇಳಿದ ಪ್ರಶ್ನೆಯೂ ಅದೇ.

ನಮ್ಮ ಜಿಲ್ಲೆಯವರಿಗೆ ಈ ನಗೆ ಇನ್ನೂ ಒಂದು ಕಾರಣದಿಂದ ಒಪ್ಪತಕ್ಕದ್ದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿ, 1902ರಲ್ಲಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕಾಯಿತು. ಆ ತಂತಿಗಳು ಯಾರ ಹೊಲಗಳ ಮೇಲೆ ಹಾದು ಹೋದುವೋ ಅವರ ಮನೆಗಳಿಗೆ ದೀಪ ಬರಲು ದಶಕಗಳೇ ಹಿಡಿದುವು. ತಲೆಯ ಮೇಲೆ ಕರೆಂಟು ಹರಿಯುತ್ತಿರಲು ಹರಳೆಣ್ಣೆ, ಸೀಮೆಎಣ್ಣೆಗಳ ಬುಡ್ಡಿಯಲ್ಲಿ ಬಾಳಿದವರನ್ನು ‘ಕರೆಂಟಿನ ಯಂತ್ರವನ್ನರಿಯರು’ ಎಂದು ಚಿತ್ರ ಬರೆದು ನಗುವುದು ಎಲ್ಲಿಯ ರಸಿಕತೆ?

ನಾನೂ ಹಾಗೆ ನಕ್ಕವನೇ. ಪಾಠಶಾಲೆಯ ರಜೆಯಲ್ಲಿ ಊರಿಗೆ ಬಂದಿದ್ದಾಗ, ಮನೆಗೆ ಹಾಲು ತರುತ್ತಿದ್ದ ಒಬ್ಬ ಮುದುಕಿಗೆ ಶಿವನಸಮುದ್ರದ ನೀರೇ ಕರೆಂಟಾಗುತ್ತದೆಂದು ದೊಡ್ಡಸ್ತಿಕೆಯಿಂದ ಹೇಳಿದೆನು. ಅವಳು ರಸ್ತೆಯ ಬದಿಯಲ್ಲಿ ಬಿದ್ದಿದ್ದ ತಂತಿಯ ಒಂದು ತುಂಡನ್ನು ಎತ್ತಿ, ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಐನೋರೆ, ಇದ್ರೊಳಗೆ ತೂತೇ ಇಲ್ವಲ್ಲ, ಯಾವ್ ಕಡೆಯಿಂದ ಹರಿದದು?” ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿರದ್ದರಿಂದಲೇ ನಕ್ಕೆನು. ಅವಳು ನಾಚಿಕೊಂಡು ಹೋದಳು. ಬಹಳ ವರ್ಷಗಳ ಮೇಲೆ ಅದೇ ಹವ್ಯಾಸಿ ಪತ್ರಿಕೆಗಳಿಂದ ನಾನು ತಿಳಿದುಕೊಂಡದ್ದೇನೆಂದರೆ, ಲೋಹದ ಅಣುಗಳ ನಡುವೆಯೇ ಎಲೆಕ್ಟ್ರಾನುಗಳಿಗೆ ಎಡೆಯುಂಟು, ತೂತು ಬೇಡ. ಮನೆಗೆ ಬರುವ ಕರೆಂಟಿನಲ್ಲಿಯಾದರೋ ಅವು ಶಿವನಸಮುದ್ರದಿಂದ ಹರಿದು ಬರುವುದೂ ಇಲ್ಲ, ಇದ್ದಲ್ಲಿಯೇ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತವೆ. ಅವಳ ಪ್ರಶ್ನೆ ಭೌತಶಾಸ್ತ್ರದ ಒಳ್ಳೆಯ ಪ್ರಶ್ನೆಯಾಗಿತ್ತು. ಉತ್ತರ ನನ್ನ ಕೈಗೆ ಬಂದಾಗ ಅವಳು ಬದುಕಿರಲಿಲ್ಲ.

ಈಗ ಅಲಂಕಾರಶಾಸ್ತ್ರದ ಮಾತಿಗೆ ಬರುತ್ತೇನೆ. ಏಕೆಂದರೆ ಮಿತ್ರರು ‘ರಸವಿಲ್ಲ’ವೆಂದೂ ಹೇಳಿದರು. ಭರತಮುನಿಯು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸಿದನು: ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಮೆಟ್ಟಿಲುಗಳನ್ನೂ ಹೇಳಿ, ಹಲ್ಲು ತೋರದ ಸ್ಮಿತವನ್ನು ಹಸಿತದೊಡನೆ ಉತ್ತಮರಿಗೂ, ಕೊನೆಯ ಎರಡನ್ನು ಅಧಮರಿಗೂ ಹಂಚಿದನು. ಮುನಿಯ ಮಾತನ್ನು ಸ್ವಲ್ಪ ಬಾಗಿಸಿಕೊಳ್ಳಲು ನನಗೆ ಅಪ್ಪಣೆಯಾಗಲಿ. ಬಿಚ್ಚಿದ ಗಡಿಯಾರವನ್ನು ಮತ್ತೆ ಜೋಡಿಸಿದ ಮೇಲೆ ಮೇಜಿನ ಮೇಲೆ ಮೂರು ತಿರುಪುಗಳು ಉಳಿದಿರುವುದನ್ನು ಕಂಡು ಬೆಪ್ಪಾದ ಹವ್ಯಾಸಿ. ಬೆಸುಗೆಯ ಕಡ್ಡಿಯನ್ನು ತಪ್ಪು ತುದಿಯಲ್ಲಿ ಹಿಡಿದವನು. ಎಲ್ಲವನ್ನೂ ಪರೀಕ್ಷಿಸಿ ಸೋತು, ಕೊನೆಗೆ ಪ್ಲಗ್ಗನ್ನೇ ಹಾಕಿಲ್ಲವೆಂದು ಕಂಡುಕೊಂಡವನು. ಇವರ ಚಿತ್ರಗಳನ್ನು ಬರೆದವನೂ ನೋಡುವವನೂ ಅದೇ ಕುಲದವರು. ಅಲ್ಲಿ ಹುಟ್ಟುವುದು ಸ್ಮಿತ. ನಮ್ಮ ಸಭೆಯಲ್ಲಿ ಹುಟ್ಟಿದ್ದು ಯಾವುದೆಂಬುದನ್ನು ಅಂದು ಬಂದಿದ್ದ ಮಹನೀಯರೇ ನೆನೆದುಕೊಳ್ಳಲಿ.

‘ಪರರನ್ನು ನಗದೆ ಹಾಸ್ಯವುಂಟೆ?’ ಎಂದು ಕೇಳಬಹುದು. ಉಂಟು, ಕನ್ನಡದಲ್ಲಿಯೇ ಉಂಟು. 1942ರಲ್ಲಿ ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಮರು ‘ಕೊರವಂಜಿ’ಯನ್ನಾರಂಭಿಸಿ 1967ರವರೆಗೆ ನಡೆಯಿಸಿದರು. ಆರ್. ಕೆ. ಲಕ್ಷ್ಮಣರ ಆರಂಭದ ಚಿತ್ರಗಳು ಅಲ್ಲಿ ಬೆಳಕು ಕಂಡುವು. ಆ ಪತ್ರಿಕೆಯ ನಗೆಯ ಹೆಚ್ಚಿನ ಪಾಲು ಓದುಗರ ಮನೆಯಂಥ ಮನೆಗಳ ಮೇಲೆಯೇ ಬೀಳುತ್ತಿತ್ತು. ಲಕ್ಷ್ಮಣರು ಮುಂದೆ ಸೃಷ್ಟಿಸಿದ ಶ್ರೀಸಾಮಾನ್ಯನಾದರೋ, ಚೌಕಳಿಯ ಕೋಟು ತೊಟ್ಟು ಬಾಯಿಬಿಡದೆ ನಿಂತು ನೋಡುತ್ತಾನೆ. ನಗೆ ಬೀಳುವುದು ಅವನ ಮೇಲಲ್ಲ, ಅವನೆದುರಿಗೆ ಮಾತನಾಡುತ್ತಿರುವ ದೊಡ್ಡವರ ಮೇಲೆ.

ನನ್ನ ಪಕ್ಷದ ದೋಷವನ್ನೂ ಹೇಳದಿದ್ದರೆ ಇದು ವಾದವಾಗದು. ಈ ಹವ್ಯಾಸಿ ಪತ್ರಿಕೆಗಳಲ್ಲಿ ಕೆಟ್ಟ ಚಿತ್ರಗಳೂ ಉಂಟು. ಹೆಂಡತಿಯೆಂದರೆ ಯಂತ್ರವನ್ನರಿಯದವಳು, ದೂಳು ಒರಸಲು ಬಂದು ತಂತಿ ಕಿತ್ತವಳು, ಗೊಣಗುವವಳು ಎಂಬ ಒಂದೇ ಅಚ್ಚಿನ ಹಾಸ್ಯವು ಸಂಚಿಕೆಯಿಂದ ಸಂಚಿಕೆಗೆ ಬರುತ್ತದೆ. ಹಳ್ಳಿಗನನ್ನು ನಗುವುದು ಎಷ್ಟು ಅನ್ಯಾಯವೋ ಇದೂ ಅಷ್ಟೇ ಅನ್ಯಾಯ. ಗೃಹಿಣಿಗೆ ಬೆಸುಗೆಯ ಕಡ್ಡಿಯನ್ನು ಕೊಟ್ಟವರಾರು, ಅವಳು ಕಲಿಯಲಿಲ್ಲವೆಂದು ನಗುವುದಕ್ಕೆ? ಅವನ್ನು ಹರಿದು ಹಾಕೆಂದು ನಾನು ಹೇಳುವುದಿಲ್ಲ. ಯಾವ ನಗೆಯಿಂದ ಕಲಿಕೆಗೆ ಬಾಗಿಲು ತೆರೆಯಿತು, ಯಾವುದರಿಂದ ಮುಚ್ಚಿತು ಎಂಬುದನ್ನು ಮಕ್ಕಳಿಗೆ ಒಂದೇ ಸಂಪುಟದಲ್ಲಿ ತೋರಿಸಲು ಅವೂ ಬೇಕು.

ಕನ್ನಡದಲ್ಲಿ ವಿಜ್ಞಾನದ ಪತ್ರಿಕೆಗಳು ಇರಲಿಲ್ಲವೆ? ಇದ್ದುವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವನ್ನು ಹೊರಡಿಸಿದರು. 1978ರಲ್ಲಿ ‘ಬಾಲವಿಜ್ಞಾನ’ ಹುಟ್ಟಿತು. ಶಬ್ದಗಳನ್ನು ಟಂಕಿಸಿದ ಆ ಹಿರಿಯರಿಗೆ ನಾವು ಋಣಿಗಳು. ನನ್ನ ಕೊರಗು ಬೇರೆ. ತಿಳಿದವರು ತಿಳಿಯದವರಿಗೆ ಹೇಳುವ ಬರೆವಣಿಗೆ ನಮ್ಮಲ್ಲಿ ಬೆಳೆದಷ್ಟು, ಕೈಯಾರೆ ಮಾಡಿ ಕೆಡಿಸಿದವನು ತನ್ನವರೊಡನೆ ನಗುತ್ತ ಹೇಳಿಕೊಳ್ಳುವ ಬರೆವಣಿಗೆ ಬೆಳೆಯಲಿಲ್ಲ.

ಹಾಗೆ ಹೇಳಿಕೊಳ್ಳುವವರು ಇಲ್ಲವೆಂದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬಿನ ಗದ್ದೆಗಳ ನಡುವೆ ಒಂದು ಸಂಜೆ ನಡೆದು ನೋಡಿರಿ. ಮೂರು ಫೇಸಿನ ಕರೆಂಟು ಯಾವ ಹೊತ್ತಿಗೆ ಬರುವುದೋ ಆ ಹೊತ್ತಿಗೆ ಮೋಟಾರು ತಾನೇ ಓಡುವಂತೆ ರೈತರು ಸ್ಟಾರ್ಟರಿಗೆ ಆಟೋ ಹಾಕಿಕೊಂಡಿರುವರು. ಒಂದು ಫೇಸು ಹೋದರೆ ಕಂಡೆನ್ಸರು ಸೇರಿಸಿ ಉಳಿದುದರಲ್ಲಿಯೇ ಮೋಟಾರನ್ನು ಓಡಿಸುವ ಸಾಹಸಿಗಳುಂಟು. ಅದರಿಂದ ಸುರುಳಿ ಸುಟ್ಟುಕೊಂಡು ರಿವೈಂಡಿಂಗ್ ಅಂಗಡಿಯ ಮುಂದೆ ಕುಳಿತವರೂ ಉಂಟು. ಮನೆಯ ಜಗುಲಿಯಿಂದಲೇ ಫೋನು ಮಾಡಿ ಗದ್ದೆಯ ಪಂಪ್‌ಸೆಟ್ಟನ್ನು ಓಡಿಸುವವರಿದ್ದಾರೆ. ಆ ರಿವೈಂಡಿಂಗ್ ಅಂಗಡಿಯ ಬೆಂಚಿನ ಮೇಲೆ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ನಗೆಯ ಕಥೆಗಳಿಗೆ ಯಾವ ಪತ್ರಿಕೆಯೂ ಇಲ್ಲ, ಚಿತ್ರಕಾರನೂ ಇಲ್ಲ. ಪೆಟ್ಟಿಗೆಯ ಹಿಂದೆ ಇಣುಕಿದವನ ಮೊಮ್ಮಕ್ಕಳು ಪೆಟ್ಟಿಗೆಯನ್ನು ಬಿಚ್ಚಿ ಕುಳಿತಿರುವರು. ನಾವು ಮಾತ್ರ ಇನ್ನೂ ಅಜ್ಜನ ಚಿತ್ರವನ್ನು ನೋಡಿ ನಗುತ್ತಿದ್ದೇವೆ.

ಆದ್ದರಿಂದ ಸಂಘದ ಮುಂದೆ ನನ್ನ ಪ್ರಾರ್ಥನೆಗಳು ಮೂರು. ಆ ಎರಡು ಗೋಣಿಚೀಲಗಳನ್ನು ಮಾರಬಾರದು. ರಟ್ಟು ಕಟ್ಟಿಸಿ, ನಗೆಚಿತ್ರಗಳಿರುವ ಪುಟಗಳಿಗೆ ಸೂಚಿ ಬರೆದಿಡತಕ್ಕದ್ದು. ಕಣ್ಣು ನಡೆಯುವವರೆಗೆ ಆ ಕೆಲಸವನ್ನು ನಾನೇ ಮಾಡುತ್ತೇನೆ. ಎರಡನೆಯದಾಗಿ, ನಮ್ಮ ಈ ಪತ್ರಿಕೆಯಲ್ಲಿ ತಿಂಗಳಿಗೆ ಅರ್ಧ ಪುಟವನ್ನು ನಮ್ಮ ಮೂರು ಊರುಗಳ ರಿಪೇರಿಯವರಿಗೂ ರೈತರಿಗೂ ಮನೆಯಲ್ಲಿ ಮಿಕ್ಸಿ ಬಿಚ್ಚುವ ಗೃಹಿಣಿಯರಿಗೂ ಬಿಟ್ಟುಕೊಡಬೇಕು. ತಾವು ಸುಟ್ಟುಕೊಂಡದ್ದನ್ನು ಅವರೇ ಬರೆಯಲಿ. ಬರೆಯಲಾರದವರು ಹೇಳಲಿ, ನಾವು ಬರೆದುಕೊಳ್ಳೋಣ.

ಮೂರನೆಯದು ಆ ಹಳ್ಳಿಗನ ಚಿತ್ರದ ಮಾತು. ಅದನ್ನು ತೂಗುಹಾಕಲು ನನ್ನ ಅಡ್ಡಿಯಿಲ್ಲ. ಆದರೆ ಅದರ ಕೆಳಗೆ ದಪ್ಪಕ್ಷರದಲ್ಲಿ ಹೀಗೆಂದು ಬರೆಯಿಸಿರಿ: ‘ನಕ್ಕವರು ದಯಮಾಡಿ, ಮೈಸೂರಿನ ಮಾತು ಈ ಪೆಟ್ಟಿಗೆಗೆ ಹೇಗೆ ಬಂತೆಂಬುದನ್ನು ಪಕ್ಕದಲ್ಲಿ ನಿಂತಿರುವ ಮಗುವಿಗೆ ತಿಳಿಸಿ ಮುಂದೆ ಹೋಗತಕ್ಕದ್ದು.’ ಎಷ್ಟು ಜನ ಮುಂದೆ ಹೋಗುವರೆಂಬುದನ್ನು ನಾನು ಬಾಗಿಲಲ್ಲಿ ಕುಳಿತು ಎಣಿಸುತ್ತೇನೆ. ನನ್ನ ವಿದ್ವನ್ಮಿತ್ರರೂ ಜತೆಗೆ ಬಂದು ಕುಳಿತರೆ ನನಗೆ ಸಂತೋಷ. ಒಂದು ಮಗುವಿಗೆ ಅವರು ಹೇಳಲಿ, ಇನ್ನೊಂದಕ್ಕೆ ನಾನು ಹೇಳುತ್ತೇನೆ. ಇಬ್ಬರೂ ತಪ್ಪಿದರೆ ಮದ್ದೂರಿನಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಯಿಸೋಣ. ಅವನ ಬೀರುವಿನ ಬಾಗಿಲ ಒಳಮೈಗೆ ಇಂದಿಗೂ ಅಂಟಿಕೊಂಡಿದೆ, ಮಾಡಿನ ಮೇಲೆ ನಿಂತು ಕೂಗುತ್ತಿರುವ ಆ ಹವ್ಯಾಸಿಯ ಚಿತ್ರ.